ಗುಡ್ಡದ ಅದಿರಿನ ಹಣದಲ್ಲಿ ಊರಿನ ಪಾಲೆಷ್ಟು, ಅದನ್ನು ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ತೆಂಗಿನ ತೋಟವಿದೆ. ಊರ ಹಿಂದಿನ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದೆ. ಬೇಸಿಗೆಯಲ್ಲಿ ಲಾರಿ ಓಡಾಡುವ ರಸ್ತೆಯ ಎರಡೂ ಬದಿಯ ಗರಿಗಳು ಕೆಂಪಗಾಗುತ್ತವೆ, ಹರಳು (ಎಳೆಯ ಕಾಯಿ) ಉದುರುತ್ತದೆ. ಮಳೆಗಾಲದಲ್ಲಿ ಕೆರೆಗೆ ಕೆಂಪು ಹೂಳು ಬರುತ್ತದೆ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎಂದಿದ್ದಾರೆ. ಅದೂ ಗಣಿಯಿಂದಲೇ ಎಂದು ಊರಿನವರು ಹೇಳುತ್ತಾರೆ. ಗಣಿಬಾಧಿತ ಪ್ರದೇಶಕ್ಕೆ ಕೋಟಿಗಟ್ಟಲೆ ಹಣವಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ, ನಮ್ಮೂರಿಗೆ ಬಂದದ್ದು ಒಂದು ಶುದ್ಧ ಕುಡಿಯುವ ನೀರಿನ ಘಟಕ ಮಾತ್ರ, ಅದೂ ಕೆಟ್ಟು ನಿಂತಿದೆ. ಹಣವೆಲ್ಲ ಬೆಂಗಳೂರಿಗೆ ಹೋಗುತ್ತದೆ ಎಂದು ಕೆಲವರು, ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ ಎಂದು ಕೆಲವರು ಹೇಳುತ್ತಾರೆ. ಮನೆಗಿಷ್ಟು ಎಂದು ನಗದು ಹಂಚಿಬಿಡಲಿ ಎಂದು ಯುವಕರು ಅರ್ಜಿ ಬರೆಯುತ್ತಿದ್ದಾರೆ. ಇದು ಆಗುವ ಮಾತೇ? ನಾವು ಏನನ್ನು ಕೇಳಬೇಕು? ಹೆಚ್ಚು ಗಲಾಟೆ ಮಾಡಿದರೆ ಗಣಿ ನಿಂತು ಇರುವ ಕೂಲಿಯೂ ಹೋದೀತು ಎಂಬ ಹೆದರಿಕೆಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ತೋಟಕ್ಕೂ ನೀರಿಗೂ ಆಗುತ್ತಿರುವ ಹಾನಿಗೆ ಯಾರು ಹೊಣೆ, ಗುಡ್ಡದಿಂದ ಹುಟ್ಟುವ ಹಣ ಎಲ್ಲಿ ಹೋಗಿ ಸೇರುತ್ತದೆ, ಅದನ್ನು ಯಾವ ರೂಪದಲ್ಲಿ ಕೇಳಿದರೆ ಊರಿಗೆ ಉಳಿಯುತ್ತದೆ ಎಂಬಿವನ್ನು ಬಿಡಿಸಿಕೊಳ್ಳದಿದ್ದರೆ ಅರ್ಜಿ ತಪ್ಪು ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಗಣಿ ಆದಾಯದ ಲೆಕ್ಕಪತ್ರಗಳನ್ನೂ ಅದರಿಂದಾದ ಕಾಮಗಾರಿಗಳನ್ನೂ ಪರಿಶೀಲಿಸುವುದು ನನ್ನ ವೃತ್ತಿ. ಕಡತದಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಹಣದ್ದಾಗಿರುವುದಿಲ್ಲ, ಸರಿಯಾಗಿ ಬರೆದ ಬೇಡಿಕೆಯದ್ದಾಗಿರುತ್ತದೆ.

ಮೊದಲು ಹಣದ ದಾರಿ. ಒಂದು ಟನ್ ಅದಿರು ಗುಡ್ಡದಿಂದ ಇಳಿದಾಗ ಅದರ ಮೇಲಿನ ಹಣ ಒಂದೇ ಕಡೆ ಹೋಗುವುದಿಲ್ಲ. ಅದಿರು ತೆಗೆದದ್ದಕ್ಕೆ ಕಟ್ಟುವ ರಾಜಧನವೂ (ರಾಯಲ್ಟಿ), ಗುತ್ತಿಗೆಯನ್ನು ಹರಾಜಿನಲ್ಲಿ ಪಡೆದಿದ್ದರೆ ಹರಾಜಿನ ಪ್ರೀಮಿಯಂ ಕೂಡ, ರಾಜ್ಯದ ಬೊಕ್ಕಸಕ್ಕೆ ಸೇರುತ್ತವೆ. ಇಷ್ಟರ ಮಟ್ಟಿಗೆ ‘ಬೆಂಗಳೂರಿಗೆ ಹೋಗುತ್ತದೆ’ ಎಂಬ ಮಾತು ನಿಜ, ಅದು ಅಕ್ರಮವೂ ಅಲ್ಲ. ಇವುಗಳ ಹೊರತಾಗಿ, 2015ರಲ್ಲಿ ತಿದ್ದುಪಡಿಯಾದ ಗಣಿ ಮತ್ತು ಖನಿಜ ಕಾಯ್ದೆಯ 9-ಬಿ ಕಲಮಿನ ಪ್ರಕಾರ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ಎಲ್ಲರೂ ಡಿಎಂಎಫ್ ಎನ್ನುವ ಜಿಲ್ಲಾ ಮಟ್ಟದ ಟ್ರಸ್ಟಿಗೆ, ಪ್ರತ್ಯೇಕವಾಗಿ ಹಣ ಕಟ್ಟಬೇಕು. ಈ ಹಣ ಜಿಲ್ಲೆಯಲ್ಲೇ ಉಳಿಯಬೇಕು. ಇದನ್ನು ರಾಜ್ಯದ ಖಜಾನೆಗಾಗಲಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗಾಗಲಿ ವರ್ಗಾಯಿಸಬಾರದು, ರಾಜ್ಯ ಮಟ್ಟದಲ್ಲಿ ಇದರ ವೆಚ್ಚಕ್ಕೆ ಮಂಜೂರಾತಿ ಕೊಡಬಾರದು ಎಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಸ್ಪಷ್ಟವಾಗಿ ಆದೇಶಿಸಿದೆ. ಮೂರನೆಯದು ಸುಪ್ರೀಂ ಕೋರ್ಟಿನ ಮೇಲ್ವಿಚಾರಣೆಯಲ್ಲಿರುವ ಪುನಶ್ಚೇತನ ನಿಧಿ. ಅದಕ್ಕೆ ಮುಂದೆ ಬರುತ್ತೇನೆ. ಇನ್ನು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. ಇದು 2013ರ ಕಂಪನಿ ಕಾಯ್ದೆಯ ಪ್ರಕಾರ ಅವರ ಲಾಭದ ಶೇ 2ರಷ್ಟಿದ್ದು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬುದನ್ನು ಕಂಪನಿಯೇ ನಿರ್ಧರಿಸುತ್ತದೆ. ಶಾಲೆಗೆ ಬೆಂಚು ಕೊಟ್ಟು ಫಲಕ ಹಾಕಿದ ಕಂಪನಿ ‘ನಿಮ್ಮ ಪಾಲು ಕೊಟ್ಟಾಗಿದೆ’ ಎಂದರೆ ಒಪ್ಪಬೇಡಿ. ಅದು ಬೇರೆ ಲೆಕ್ಕ, ಡಿಎಂಎಫ್ ಬೇರೆ ಲೆಕ್ಕ.

ಈಗ ಮೊತ್ತ. ಕಬ್ಬಿಣದ ಅದಿರಿನ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಗುತ್ತಿಗೆ 2015ರ ಜನವರಿ 12ಕ್ಕಿಂತ ಮೊದಲಿನದಾದರೆ ಆ ರಾಜಧನದ ಶೇ 30ರಷ್ಟನ್ನು, ಅನಂತರ ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟನ್ನು ಡಿಎಂಎಫ್‌ಗೆ ಕಟ್ಟಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಟನ್ನಿಗೆ 3,000 ರೂಪಾಯಿ ಬೆಲೆ ಇಟ್ಟುಕೊಳ್ಳೋಣ. ರಾಜಧನ 450 ರೂಪಾಯಿ. ಹಳೆಯ ಗುತ್ತಿಗೆಯಾದರೆ ಜಿಲ್ಲೆಯ ನಿಧಿಗೆ 135 ರೂಪಾಯಿ, ಹರಾಜಿನ ಗುತ್ತಿಗೆಯಾದರೆ 45 ರೂಪಾಯಿ. ಅದೇ ಹರಾಜಿನ ಗುತ್ತಿಗೆದಾರ ಬೆಲೆಯ ಶೇ 80ಕ್ಕೆ ಕೂಗಿದ್ದರೆ, ಟನ್ನಿಗೆ 2,400 ರೂಪಾಯಿ ಪ್ರೀಮಿಯಂ ರಾಜ್ಯಕ್ಕೆ ಸೇರುತ್ತದೆ. ಸ್ವಂತ ಕಾರ್ಖಾನೆಗಲ್ಲದೆ ಮಾರಾಟಕ್ಕಾಗಿಯೇ ಅದಿರು ತೆಗೆಯುತ್ತಿದ್ದ ಹಳೆಯ ಗುತ್ತಿಗೆಗಳ ಅವಧಿ 2020ರ ಮಾರ್ಚ್ 31ಕ್ಕೆ ಮುಗಿದದ್ದರಿಂದ ಹರಾಜಿನ ಗುತ್ತಿಗೆಗಳ ಪಾಲು ಹೆಚ್ಚುತ್ತಿದೆ. ಪರಿಣಾಮವಾಗಿ ರಾಜ್ಯದ ಆದಾಯ ಏರುವಾಗಲೇ ಪ್ರತಿ ಟನ್ನಿನ ಮೇಲೆ ಜಿಲ್ಲೆಗೆ ಸಿಗುವುದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಸ ಗುತ್ತಿಗೆದಾರನ ಮೇಲಿನ ಹೊರೆ ತಗ್ಗಿಸಲು ಹೀಗೆ ಮಾಡಿದ್ದಾರೆ ಎಂಬ ಸಮಜಾಯಿಷಿ ಇದೆ. ಆದರೆ ದೂಳು ಮಾತ್ರ ಎರಡೂ ಬಗೆಯ ಗುತ್ತಿಗೆಯಲ್ಲಿ ಒಂದೇ ಪ್ರಮಾಣದಲ್ಲಿ ಏಳುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿಮ್ಮ ಶಾಸಕರನ್ನು ಕೇಳಬೇಕಾದ ಪ್ರಶ್ನೆಯೂ ಇದೇ.

ನಗದು ಹಂಚುವ ಬೇಡಿಕೆಗೆ ಇದೇ ಲೆಕ್ಕದಲ್ಲಿ ಉತ್ತರವಿದೆ. ವರ್ಷಕ್ಕೆ 5 ಲಕ್ಷ ಟನ್ ತೆಗೆಯುವ ಹರಾಜಿನ ಗಣಿಯೊಂದರಿಂದ ನಿಧಿಗೆ ಬರುವುದು 2.25 ಕೋಟಿ ರೂಪಾಯಿ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ದೂರದೊಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರ್ ಒಳಗಿನದು ಪರೋಕ್ಷ ಬಾಧಿತ ಪ್ರದೇಶ. ಸುತ್ತ 15 ಕಿಲೋಮೀಟರ್ ಎಂದರೆ ಸುಮಾರು 700 ಚದರ ಕಿಲೋಮೀಟರ್, ಒಂದು ತಾಲ್ಲೂಕಿನ ದೊಡ್ಡ ಭಾಗ. ಅದರಲ್ಲಿ 30,000 ಮನೆಗಳಿವೆ ಎಂದುಕೊಂಡರೆ ಮನೆಗೆ ವರ್ಷಕ್ಕೆ 750 ರೂಪಾಯಿ ಬೀಳುತ್ತದೆ. ಅಷ್ಟಕ್ಕೆ ಪಟ್ಟಿಯಲ್ಲಿ ಯಾರ ಹೆಸರು ಇದೆ, ಯಾರದು ಬಿಟ್ಟಿದೆ, ಬೇರೆಯಾದ ಅಣ್ಣತಮ್ಮಂದಿರದು ಒಂದು ಮನೆಯೋ ಎರಡೋ ಎಂಬ ಜಗಳ ಊರಿನಲ್ಲಿ ಉಳಿಯುತ್ತದೆ. ಈ ನಿಧಿಯ ಚೌಕಟ್ಟಿನಲ್ಲೂ ಸಾರಾಸಗಟು ನಗದು ಹಂಚಿಕೆಗೆ ಜಾಗವಿಲ್ಲ. ಕನಿಷ್ಠ ಶೇ 70ರಷ್ಟನ್ನು ಕುಡಿಯುವ ನೀರು, ಪರಿಸರ ಸಂರಕ್ಷಣೆ, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ, ವೃದ್ಧರು ಮತ್ತು ಅಂಗವಿಕಲರ ನೆರವು, ಕೌಶಲ ತರಬೇತಿ, ನೈರ್ಮಲ್ಯ ಮುಂತಾದ ಆದ್ಯತೆಯ ವಲಯಗಳಿಗೆ ಕೊಡಬೇಕು. ರಸ್ತೆ, ನೀರಾವರಿ, ವಿದ್ಯುತ್ ಮುಂತಾದವು ಉಳಿದ ಭಾಗದಲ್ಲಿ ಬರುತ್ತವೆ. ಯುವಕರ ಅರ್ಜಿಯ ಹಿಂದಿನ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿಗೆ ಹೆಚ್ಚು ಫಲ ಕೊಡುವ ಬೇಡಿಕೆಗಳು ಬೇರೆ ಇವೆ.

ಸುಪ್ರೀಂ ಕೋರ್ಟಿನ ಹಣದ ಕಥೆ ಸ್ವಲ್ಪ ಹಳೆಯದು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವರ್ಗೀಕರಿಸಿದ್ದನ್ನು ಎತ್ತಿಹಿಡಿದು, ಅತಿಕ್ರಮ ಹೆಚ್ಚಾಗಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ದಂಡದ ಹಣ ಮತ್ತು ಅದಿರು ಮಾರಾಟದ ಒಂದು ಪಾಲು ಹೀಗೆ ಕೂಡಿ ದೊಡ್ಡ ಮೊತ್ತವಾಯಿತು. ಅದನ್ನು ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಪತ್ರಿಕೆಗಳಲ್ಲಿ ಕೆಎಂಇಆರ್‌ಸಿ ಎಂದು ಕಾಣುವುದು ಇದನ್ನೇ. ಹಣ ಹಲವು ವರ್ಷ ಬಿಡುಗಡೆಯಾಗದೆ ಉಳಿದದ್ದು ನಿಜ. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ ದಾರಿ ಮಾಡಿಕೊಟ್ಟು, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿತು. ಆದ್ದರಿಂದ ‘ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ’ ಎಂಬುದು ಈಗ ಹಳೆಯ ಸುದ್ದಿ. ಈ ನಿಗಮದ ಯೋಜನೆಗಳು ದೊಡ್ಡ ಗಾತ್ರದವು ಮತ್ತು ಇಲಾಖೆಗಳ ಮೂಲಕ ಬರುವವು. ಅಲ್ಲಿಗೆ ಒಂದು ಹಳ್ಳಿಯ ಅರ್ಜಿಯನ್ನು ನೇರವಾಗಿ ಕಳಿಸುವುದಕ್ಕಿಂತ, ಬಹುಗ್ರಾಮ ಕುಡಿಯುವ ನೀರು ಅಥವಾ ತಾಲ್ಲೂಕು ಆಸ್ಪತ್ರೆಯಂಥ ಕೆಲಸಗಳಿಗೆ ಹಲವು ಪಂಚಾಯಿತಿಗಳು ಸೇರಿ ಇಲಾಖೆಯ ಮೂಲಕ ಹೋಗುವುದು ಮೇಲು. ನಿಮ್ಮೂರಿನ ಅಳತೆಗೆ ಹೊಂದುವುದು ಡಿಎಂಎಫ್.

ಆದರೆ ಡಿಎಂಎಫ್‌ನಿಂದ ಏನನ್ನು ಕೇಳಬಾರದು ಎಂಬುದನ್ನು ಮೊದಲು ತಿಳಿಯಿರಿ. ಅದಿರು ರಸ್ತೆಗೆ ನೀರು ಹೊಡೆಯುವುದು, ಲಾರಿಗೆ ಟಾರ್ಪಾಲು ಕಟ್ಟುವುದು, ತ್ಯಾಜ್ಯ ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ ಕಟ್ಟಿ ಸುತ್ತ ಕಾಲುವೆ ತೆಗೆಯುವುದು, ರಾಶಿಯ ಮೇಲೆ ಗಿಡ ಬೆಳೆಸುವುದು ಇವೆಲ್ಲ ಗುತ್ತಿಗೆದಾರನ ಹೊಣೆ. ಪರಿಸರ ಅನುಮತಿಯ ಷರತ್ತುಗಳಲ್ಲೂ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಎ ಮತ್ತು ಬಿ ವರ್ಗದ ಗಣಿಗಳಿಗೆ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ತಯಾರಿಸಿದ ಪುನಶ್ಚೇತನ ಯೋಜನೆಗಳಲ್ಲೂ ಇವು ಬರುತ್ತವೆ. ಇಂಥ ಕೆಲಸಕ್ಕೆ ಜಿಲ್ಲೆಯ ನಿಧಿಯಿಂದ ಹಣ ಕೊಟ್ಟರೆ ಊರಿನ ಪಾಲಿನಿಂದ ಗಣಿ ಮಾಲೀಕನ ಖರ್ಚನ್ನು ತೀರಿಸಿದಂತಾಗುತ್ತದೆ. ಇದರ ದೂರು ಹೋಗಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮತ್ತು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ.

ಈ ವಿಂಗಡಣೆ ನಿಮ್ಮ ಕೆರೆಯ ವಿಷಯದಲ್ಲಿ ಬಹಳ ಮುಖ್ಯ. ಡಿಎಂಎಫ್ ಹಣದಲ್ಲಿ ಹೂಳೆತ್ತುವುದು ಜನಪ್ರಿಯ ಬೇಡಿಕೆ. ಜೆಸಿಬಿ ಬರುತ್ತದೆ, ಮಣ್ಣು ತೋಟಗಳಿಗೆ ಹೋಗುತ್ತದೆ, ಎಲ್ಲರಿಗೂ ಕೆಲಸ ಆದದ್ದು ಕಾಣುತ್ತದೆ. ಮೇಲೆ ಗುಡ್ಡದಲ್ಲಿ ತಡೆಗೋಡೆ ಒಡೆದಿದ್ದರೆ ಎರಡು ದೊಡ್ಡ ಮಳೆಗೆ ಅದೇ ಕೆಂಪು ಮಣ್ಣು ಮತ್ತೆ ಕೆರೆಗೆ ಇಳಿಯುತ್ತದೆ. ಹೂಳೆತ್ತುವ ಅರ್ಜಿಗೆ ಮೊದಲು ಗಣಿಯ ಗಡಿಯಿಂದ ಕೆರೆಯ ತನಕ ಹಳ್ಳದ ಗುಂಟ ಒಮ್ಮೆ ನಡೆದು, ಮಣ್ಣು ಎಲ್ಲಿಂದ ಕದಲುತ್ತಿದೆ ಎಂದು ದಿನಾಂಕ ಬೀಳುವಂತೆ ಫೋಟೊ ತೆಗೆಯಿರಿ. ರಾಶಿಯ ಬುಡ ಗಟ್ಟಿಯಾದ ಮೇಲೆ ಹೂಳೆತ್ತುವುದು, ನಡುವೆ ಹಳ್ಳಕ್ಕೆ ಚೆಕ್‌ಡ್ಯಾಂ ಕಟ್ಟುವುದು ಒಳ್ಳೆಯ ಬೇಡಿಕೆ. ಅದಕ್ಕಿಂತ ಮುಂಚೆ ಎತ್ತಿದರೆ ಹಣ ನೀರಿನಲ್ಲಿ ಹೋಮ.

ಫ್ಲೋರೈಡ್ ವಿಷಯದಲ್ಲಿ ಊರಿನವರ ನಂಬಿಕೆ ತಪ್ಪು ಎಂದೇ ಹೇಳಬೇಕಾಗಿದೆ. ಅದು ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಅಂತರ್ಜಲಕ್ಕೆ ಕರಗಿ ಬರುತ್ತದೆ. ನೀರು ಶಿಲೆಯೊಂದಿಗೆ ಹೆಚ್ಚು ಕಾಲ ಸಂಪರ್ಕದಲ್ಲಿರುವ ಆಳದ ಕೊಳವೆಬಾವಿಗಳಲ್ಲಿ ಅದು ಹೆಚ್ಚು. ಕಬ್ಬಿಣದ ಗಣಿಯ ಸುಳಿವೇ ಇಲ್ಲದ ಪಾವಗಡ, ಬಾಗೇಪಲ್ಲಿಗಳಲ್ಲೂ ಇದೇ ತೊಂದರೆ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯುವುದಕ್ಕೆ ಬಳಸಬಾರದು. ಗಣಿಯೇ ಕಾರಣ ಎಂದು ಅರ್ಜಿಯಲ್ಲಿ ಬರೆದರೆ ಭೂವಿಜ್ಞಾನಿ ಒಂದು ವಾಕ್ಯದಲ್ಲಿ ಅದನ್ನು ತಳ್ಳಿಹಾಕಬಹುದು. ಬಾಧಿತ ಪ್ರದೇಶದಲ್ಲಿ ಕುಡಿಯುವ ನೀರಿಗೆ ಖರ್ಚು ಮಾಡಲು ನೀರು ಗಣಿಯಿಂದಲೇ ಕೆಟ್ಟಿರಬೇಕು ಎಂಬ ನಿಬಂಧನೆ ಇಲ್ಲದಿರುವುದರಿಂದ, ಪ್ರಯೋಗಾಲಯದ ವರದಿಯೊಂದಿಗೆ ‘ನೀರು ಹೀಗಿದೆ’ ಎಂದಷ್ಟೇ ಬರೆಯಿರಿ, ಸಾಕು. ಹರಳು ಉದುರುವುದಕ್ಕೂ ಇದೇ ಎಚ್ಚರ ಬೇಕು. ಗರಿಯ ಮೇಲೆ ದೂಳು ಕೂತರೆ ಎಲೆಗೆ ಬೆಳಕು ಕಡಿಮೆಯಾಗಿ ಮರ ಸೊರಗುತ್ತದೆ ಎಂಬುದು ಸರಿ. ಆದರೆ ನೀರಿನ ಕೊರತೆ, ಪೋಷಕಾಂಶದ ಕೊರತೆ, ಕೀಟ ಮತ್ತು ರೋಗಗಳಿಂದಲೂ ಹರಳು ಉದುರುತ್ತದೆ. ರಸ್ತೆಯ ಪಕ್ಕದ ಸಾಲನ್ನೂ ರಸ್ತೆಯಿಂದ ದೂರದ ಸಾಲನ್ನೂ, ಒಂದೇ ನೀರು ಗೊಬ್ಬರ ಕಂಡ ಒಂದೇ ವಯಸ್ಸಿನ ಮರಗಳಲ್ಲಿ, ತೋಟಗಾರಿಕೆ ಇಲಾಖೆಯವರಿಂದ ಹೋಲಿಸಿ ನೋಡಿಸಿ. ವ್ಯತ್ಯಾಸ ಕಂಡರೆ ಅದು ಪರಿಹಾರದ ಅರ್ಜಿಗೆ ಬೇಕಾದ ಆಧಾರ.

ಇನ್ನು ಕೆಟ್ಟು ನಿಂತ ನೀರಿನ ಘಟಕ. ಇಂಥ ಕಡತಗಳಲ್ಲಿ ಕಟ್ಟಡ, ಯಂತ್ರ, ಟ್ಯಾಂಕು, ನಾಣ್ಯ ಹಾಕುವ ಪೆಟ್ಟಿಗೆ ಎಲ್ಲದಕ್ಕೂ ದರಪಟ್ಟಿ ಇರುತ್ತದೆ. ನೀರು ಸೋಸುವ ಪೊರೆಯನ್ನು ಬದಲಿಸುವುದು ಯಾರು, ಕರೆಂಟು ಬಿಲ್ಲು ಯಾರ ಹೆಸರಿನಲ್ಲಿ, ಶುದ್ಧ ನೀರಿನ ಜೊತೆ ಹೊರಬೀಳುವ ಫ್ಲೋರೈಡ್ ಹೆಚ್ಚಿದ ತ್ಯಾಜ್ಯ ನೀರು ಎಲ್ಲಿಗೆ ಹರಿಯಬೇಕು ಎಂಬ ಪುಟ ಬಹುತೇಕ ಇರುವುದಿಲ್ಲ. ಹಾಗಾಗಿ ಖಾತರಿ ಅವಧಿ ಮುಗಿದ ಬೇಸಿಗೆಯಲ್ಲೇ ಘಟಕ ನಿಲ್ಲುತ್ತದೆ. ನೀವು ಹೊಸ ಘಟಕ ಕೇಳಬೇಡಿ. ಇರುವುದರ ದುರಸ್ತಿಯ ಜೊತೆಗೆ ಐದು ವರ್ಷದ ನಿರ್ವಹಣೆಯ ಒಪ್ಪಂದವನ್ನೂ, ಕೆಟ್ಟ ಇಷ್ಟು ದಿನದೊಳಗೆ ಸರಿಪಡಿಸದಿದ್ದರೆ ಬಿಲ್ಲಿನಲ್ಲಿ ಕಡಿತ ಎಂಬ ಷರತ್ತನ್ನೂ ಕೇಳಿ. ಆರೋಗ್ಯಕ್ಕೂ ಇದು ಅನ್ವಯಿಸುತ್ತದೆ. ಆಂಬುಲೆನ್ಸ್ ಕೊಡುವುದು ಸುಲಭ, ಫೋಟೊಕ್ಕೂ ಚೆನ್ನ. ಚಾಲಕನ ಸಂಬಳಕ್ಕೆ ದಾರಿ ಇಲ್ಲದಿದ್ದರೆ ಅದು ಆಸ್ಪತ್ರೆಯ ಹಿಂದೆ ತುಕ್ಕು ಹಿಡಿಯುತ್ತದೆ. ಗಣಿಯಲ್ಲಿ, ಲಾರಿಯಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ನಡೆಯಲಿ ಎಂದು ಕೇಳುವವರು ಅಪರೂಪ. ಕೋಲಾರ ಜಿಲ್ಲೆಯ ಟೇಕಲ್ ಸುತ್ತಲೂ ಚಿಕ್ಕಬಳ್ಳಾಪುರದ ಕ್ವಾರಿಗಳಲ್ಲೂ ಕಲ್ಲು ಒಡೆಯುವವರಿಗೆ ಇದು ಇನ್ನೂ ತುರ್ತು. ಗ್ರಾನೈಟಿನ ದೂಳಿನಲ್ಲಿ ಸಿಲಿಕಾ ಹೆಚ್ಚು, ಅದರಿಂದ ಬರುವ ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ. ಕಟ್ಟಡದ ಕಲ್ಲಿನಂಥ ಉಪಖನಿಜಗಳ ಗುತ್ತಿಗೆಯಿಂದಲೂ ಡಿಎಂಎಫ್‌ಗೆ ಹಣ ಬರುವುದರಿಂದ ಆ ಎರಡು ಜಿಲ್ಲೆಗಳವರೂ ಇದನ್ನು ಕೇಳಬಹುದು.

ಸಮುದಾಯ ಭವನ, ಸ್ವಾಗತ ಕಮಾನು, ಹೈಮಾಸ್ಟ್ ದೀಪಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅವುಗಳನ್ನು ಕೇಳುವವರು ಬೇರೆ ಇದ್ದಾರೆ.

ಅದಿರು ಮುಗಿದ ಮೇಲೆ ಏನು ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಕೋಲಾರ ಜಿಲ್ಲೆಯನ್ನು ನೋಡಿ ಬಂದವರು ಅದನ್ನು ಬಿಡಲಾಗದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಕೆಜಿಎಫ್ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಹರಿಯಿತು, ಬೇತಮಂಗಲದಿಂದ ನೀರು ಬಂತು, ಆಸ್ಪತ್ರೆ, ಶಾಲೆ, ಕ್ಲಬ್ಬು ಎಲ್ಲ ಎದ್ದವು. ಆದರೆ ಎಲ್ಲವೂ ಗಣಿಯದ್ದಾಗಿದ್ದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಊರಿನ ಹೆಸರಿನಲ್ಲಿ ಎತ್ತಿಟ್ಟ ನಿಧಿ ಇರಲಿಲ್ಲ. ಉಳಿದದ್ದು ಗಾಳಿಗೆ ಏಳುವ ಸೈನೈಡ್ ದಿಬ್ಬಗಳು ಮತ್ತು ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೊರಡುವ ಜನ. ನಿಮ್ಮ ಗುಡ್ಡಕ್ಕೆ ಅಷ್ಟು ಆಯಸ್ಸೂ ಇಲ್ಲ. ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗಿದ್ದ ವಾರ್ಷಿಕ 70 ಲಕ್ಷ ಟನ್ನಿನ ಮಿತಿಯನ್ನು ಸುಪ್ರೀಂ ಕೋರ್ಟು 2022ರ ಆಗಸ್ಟ್‌ನಲ್ಲಿ 150 ಲಕ್ಷ ಟನ್ನಿಗೆ ಏರಿಸಿದೆ. ಹೆಚ್ಚು ತೆಗೆದಷ್ಟೂ ಈಗ ಆದಾಯ ಹೆಚ್ಚು, ಮುಗಿಯುವ ದಿನ ಹತ್ತಿರ. ವರ್ಷಕ್ಕೆ 10 ಕೋಟಿ ರೂಪಾಯಿಗಿಂತ ಹೆಚ್ಚು ಸಂಗ್ರಹಿಸುವ ಜಿಲ್ಲೆಗಳು ಆದಾಯದ ಶೇ 10ರ ತನಕ ದತ್ತಿ ನಿಧಿಯಾಗಿ ಎತ್ತಿಡಬಹುದು ಎಂಬ ಅವಕಾಶ ಹೊಸ ಮಾರ್ಗಸೂಚಿಯಲ್ಲಿದೆ. ಇದಕ್ಕೆ ಅಪಾಯವೂ ಇದೆ: ಬ್ಯಾಂಕಿನಲ್ಲಿ ಬೆಳೆಯುತ್ತಿರುವ ಹಣ ಚುನಾವಣೆಯ ವರ್ಷದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೂ ನನ್ನ ಮಟ್ಟಿಗೆ, ನೀರಿನ ನಂತರ ಊರಿನವರು ಪಟ್ಟು ಹಿಡಿಯಬೇಕಾದ ಎರಡನೆಯ ಬೇಡಿಕೆ ಇದು.

ಕೇಳುವ ಕ್ರಮ ಕಷ್ಟದ್ದಲ್ಲ. ನಿಮ್ಮ ಗ್ರಾಮ ಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮಿಕ್ಕ ಯಾವ ಅರ್ಜಿಗೂ ಬೆಲೆ ಇಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಆ ಪಟ್ಟಿ, ಗುತ್ತಿಗೆವಾರು ಜಮಾ ಆದ ಮೊತ್ತ, ಹಿಂದಿನ ಮೂರು ವರ್ಷದ ಕ್ರಿಯಾ ಯೋಜನೆ ಮತ್ತು ನಿಮ್ಮ ನೀರಿನ ಘಟಕದ ಹಣ ಬಳಕೆ ಪ್ರಮಾಣಪತ್ರಗಳನ್ನು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಅನಂತರ ಗ್ರಾಮಸಭೆಯಲ್ಲಿ ಎರಡು ಅಥವಾ ಮೂರು ಬೇಡಿಕೆಗಳನ್ನಷ್ಟೇ ನಿರ್ಣಯಿಸಿ. ಇಪ್ಪತ್ತು ಬೇಡಿಕೆಗಳ ಪಟ್ಟಿ ಕಳಿಸಿದರೆ ಯಾವುದು ಅಗ್ಗವೋ ಅದನ್ನು ಕೊಟ್ಟು ಕಡತ ಮುಚ್ಚುತ್ತಾರೆ. ನಿರ್ಣಯದ ಜೊತೆ ನೀರಿನ ವರದಿ, ಫೋಟೊ, ಅಂದಾಜು ವೆಚ್ಚ ಮತ್ತು ನಿರ್ವಹಣೆ ಯಾರದು ಎಂಬ ಒಂದು ಪುಟ ಇರಲಿ. ಹಣಕಾಸು ವರ್ಷ ಶುರುವಾಗುವ ಮುಂಚೆಯೇ ಅದು ಪಂಚಾಯಿತಿಯ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಗೆ ತಲುಪಿ, ಸ್ವೀಕೃತಿಯ ಮುದ್ರೆ ನಿಮ್ಮ ಪ್ರತಿಯ ಮೇಲೆ ಬಿದ್ದಿರಬೇಕು.

ಗಣಿ ನಿಂತೀತು ಎಂಬ ಹೆದರಿಕೆಯ ಬಗ್ಗೆ: 2011ರಲ್ಲಿ ಒಂದೇ ದಿನಕ್ಕೆ ಲಾರಿಗಳು ನಿಂತು ಸಾಲದ ಕಂತು ಕಟ್ಟಲಾಗದೆ ಪರದಾಡಿದವರನ್ನು ನಿಮ್ಮ ತಾಲ್ಲೂಕು ಕಂಡಿದೆ, ಆದ್ದರಿಂದ ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆಗ ನ್ಯಾಯಾಲಯದ ಕಣ್ಣಿಗೆ ಬಿದ್ದದ್ದು ಗುತ್ತಿಗೆಯ ಗಡಿ ಮೀರಿ ಅಗೆದದ್ದು, ಅರಣ್ಯ ಒತ್ತುವರಿ, ಪರ್ಮಿಟ್ಟಿಲ್ಲದ ಸಾಗಣೆ. ಹೆಚ್ಚಿನ ಅಕ್ರಮ ಕಾಣದ ಎ ವರ್ಗದ ಗಣಿಗಳಿಗೆ 2012ರಲ್ಲೇ ಮತ್ತೆ ಅನುಮತಿ ಸಿಕ್ಕಿತು. ನೀರಿಗೂ ಆರೋಗ್ಯಕ್ಕೂ ಡಿಎಂಎಫ್ ಹಣ ಕೇಳುವ ಗ್ರಾಮಸಭೆಯ ನಿರ್ಣಯ ಗುತ್ತಿಗೆಯನ್ನು ಮುಟ್ಟುವುದೇ ಇಲ್ಲ. ಗುತ್ತಿಗೆದಾರ ಆ ಹಣವನ್ನು ಈಗಾಗಲೇ ಕಟ್ಟಿರುತ್ತಾನೆ, ಅದು ನಿಮ್ಮೂರಿಗೆ ಬಂದರೂ ಬೇರೆ ಊರಿಗೆ ಹೋದರೂ ಅವನಿಗೆ ಒಂದೇ. ತಡೆಗೋಡೆ ಮತ್ತು ದೂಳಿನ ದೂರು ಅವನಿಗೆ ಖರ್ಚು ತರುವಂಥದ್ದು, ಅಲ್ಲಿ ಒತ್ತಡ ಬಂದೀತು. ಆದ್ದರಿಂದ ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸದೆ ಬೇರೆ ಬೇರೆಯಾಗಿ ಕಳಿಸಿ, ದೂರಿಗೆ ಗಣಿಯಲ್ಲಿ ಕೂಲಿ ಮಾಡುವವರ ಸಹಿಯನ್ನು ಕೇಳಬೇಡಿ.